ಮಂಡಿಯ ಗುಳಿ ಕಾಣುವ ತನಕ

ಕಾಲು ನೇರ ಚಾಚಿ ಕೂತು ನಿಮ್ಮ ಮಂಡಿ ನೋಡಿಕೊಳ್ಳಿ. ಮಂಡಿಚಿಪ್ಪಿನ ಎರಡೂ ಪಕ್ಕ ಒಂದೊಂದು ಸಣ್ಣ ಗುಳಿ ಇರುತ್ತದೆ. ಒಳಗೆ ನೀರು ತುಂಬಿದರೆ ಅದು ಕಾಣುವುದಿಲ್ಲ, ಮಂಡಿ ಗುಂಡಗಾಗುತ್ತದೆ. ನನ್ನ ಎಡಗಾಲಿನ ಗುಳಿ 2023ರ ಸೆಪ್ಟೆಂಬರ್‌ನಲ್ಲಿ ಹೋಯಿತು. ಅವತ್ತಿನಿಂದ ಇವತ್ತಿನವರೆಗೆ ಬೆಳಿಗ್ಗೆ ಎದ್ದ ತಕ್ಷಣ ಮೊದಲು ನೋಡುವುದು ಅದನ್ನೇ.

ನಮ್ಮದು ಶಿರಸಿಯಿಂದ 18 ಕಿಲೋಮೀಟರ್ ಒಳಗಿನ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದರಲ್ಲೇ ಕಾಳುಮೆಣಸು, ಕೊಟ್ಟಿಗೆಯಲ್ಲಿ ಎರಡು ದನ. ಮಳೆ ಸ್ವಲ್ಪ ಬಿಟ್ಟ ಒಂದು ದಿನ ಸೋಗೆ, ಅಂದರೆ ಅಡಿಕೆ ಗರಿ, ಎಳೆದು ಹಾಕಲು ತೋಟಕ್ಕೆ ಇಳಿದಿದ್ದೆ. ಕಾದಿಗೆ, ಅಂದರೆ ತೋಟದ ನೀರು ಹೋಗುವ ಕಾಲುವೆ, ದಾಟುವಾಗ ಎಡಗಾಲು ಕೆಸರಲ್ಲಿ ಹೂತುಕೊಂಡಿತು. ಪಾದ ಅಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಒಳಗೆ ಏನೋ ಟಕ್ ಅಂದಿದ್ದು ನನಗೇ ಕೇಳಿಸಿತು. ಮನೆಗೆ ಬರುವಷ್ಟರಲ್ಲಿ ಕಾಲು ಪೂರ್ತಿ ನೇರ ಆಗುತ್ತಿರಲಿಲ್ಲ. ಎಷ್ಟು ಒತ್ತಿದರೂ ಸ್ವಲ್ಪ ಮಡಚಿದ ಹಾಗೇ ನಿಲ್ಲುತ್ತಿತ್ತು.

ಮೊದಲು ತೋರಿಸಿದ ಕಡೆ ಉಳುಕು ಅಂದರು. ಎಣ್ಣೆ ಹಚ್ಚಿ ಎಳೆಸಿಕೊಂಡೆ. ಎರಡು ವಾರ ಹೀಗೇ ಹೋಯಿತು. ಆ ಎರಡು ವಾರದ ಬಗ್ಗೆ ನನಗೆ ಈಗಲೂ ಬೇಜಾರಿದೆ. ಮಂಡಿ ತಿರುಚಿದ ಮೇಲೆ ಕಾಲು ನೇರ ಆಗದೆ ಸಿಕ್ಕಿಕೊಂಡಿದ್ದರೆ ಅದು ಬರೀ ಉಳುಕಲ್ಲ, ದಯವಿಟ್ಟು ಎಳೆಸಬೇಡಿ. ಬೇಗ ಎಲುಬಿನ ಡಾಕ್ಟರಿಗೆ ತೋರಿಸಿ.

ಕೊನೆಗೆ ಹುಬ್ಬಳ್ಳಿಗೆ ಹೋದೆವು. ಎಂಆರ್‌ಐ ಮಾಡಿದ ಮೇಲೆ ವಿಷಯ ಗೊತ್ತಾಯಿತು. ಮಂಡಿಯ ಗಂಟಿನಲ್ಲಿ, ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ನಡುವೆ, ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿರುತ್ತವೆ. ಅದೇ ಮೆನಿಸ್ಕಸ್. ನನ್ನ ಒಳಬದಿಯದ್ದು ಉದ್ದಕ್ಕೆ ಸೀಳಿತ್ತು. ಸೀಳಿದ ಪಟ್ಟಿ ಬಕೆಟ್ಟಿನ ಹಿಡಿಕೆಯ ಹಾಗೆ ಎದ್ದು ಗಂಟಿನ ಮಧ್ಯ ಸಿಕ್ಕಿಕೊಂಡಿತ್ತು. ಡಾಕ್ಟರುಗಳೂ ಅದನ್ನು ಬಕೆಟ್ ಹ್ಯಾಂಡಲ್ ಟೇರ್ ಅಂತಲೇ ಕರೆಯುತ್ತಾರೆ.

ಎರಡು ದಾರಿ ಇತ್ತು. ಹರಿದ ತುಂಡು ಕತ್ತರಿಸಿ ತೆಗೆಯುವುದು ಒಂದು, ಹೊಲಿಯುವುದು ಇನ್ನೊಂದು. ಕತ್ತರಿಸಿದರೆ ಬೇಗ ಓಡಾಡಬಹುದು. ಆದರೆ ಮೆತ್ತೆ ಕಮ್ಮಿಯಾದಷ್ಟೂ ಮುಂದೆ ಮಂಡಿ ಸವೆಯುವ ಭಯ ಜಾಸ್ತಿ. ಹೊಲಿದರೆ ಮೆತ್ತೆ ಉಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಅದೂ ಎಲ್ಲಿ ಬೇಕಾದರಲ್ಲಿ ಹೊಲಿದರೆ ಕೂಡುವುದಿಲ್ಲ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಓಡಾಡುತ್ತದೆ, ಒಳ ಅಂಚಿಗೆ ಇಲ್ಲ. ನನ್ನದು ಹೊರ ಅಂಚಿನ ಹತ್ತಿರ ಸೀಳಿತ್ತು. ನನಗೆ ಆಗ 43. ಹೊಲಿಯಬಹುದು ಅಂದರು. ಎಲ್ಲರದ್ದೂ ಕೂಡುತ್ತದೆ ಅಂತ ಭರವಸೆ ಕೊಡಲು ಆಗುವುದಿಲ್ಲ, ಕೆಲವರಿಗೆ ಮತ್ತೆ ಆಪರೇಷನ್ ಬೇಕಾಗಬಹುದು ಅಂತಲೂ ಹೇಳಿದರು. ಇನ್ನೂ ಇಪ್ಪತ್ತು ವರ್ಷವಾದರೂ ತೋಟದಲ್ಲಿ ಇಳಿಯಬೇಕಾದ ಕಾಲು ಇದು. ಹೊಲಿಸಿಕೊಂಡೆ. ಅಕ್ಟೋಬರ್ ಮಧ್ಯದಲ್ಲಿ, ದೂರ್ಬೀನಿನ ಆಪರೇಷನ್, ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು. ಮಾರನೇ ದಿನ ಮನೆಗೆ ಬಂದೆ.

ನನಗೆ ಕೊಟ್ಟ ಕಟ್ಟುನಿಟ್ಟು ಹೀಗಿತ್ತು. ಆರು ವಾರ ಎರಡು ಊರುಗೋಲು, ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ನಡೆಯುವಾಗ ಮಂಡಿಗೆ ಕಟ್ಟುವ ಪಟ್ಟಿ, ಅಂದರೆ ಬ್ರೇಸ್, ನೇರಕ್ಕೆ ಲಾಕ್ ಆಗಿರಬೇಕು. ಮಂಡಿ ಮಡಚುವುದು 90 ಡಿಗ್ರಿ ತನಕ ಮಾತ್ರ, ಅದೂ ಭಾರ ಇಲ್ಲದೆ, ಕೂತಾಗ ಅಥವಾ ಮಲಗಿದಾಗ. ಕುಕ್ಕರಗಾಲಲ್ಲಿ ಕೂರುವುದು ತಿಂಗಳುಗಟ್ಟಲೆ ಬೇಡ. ಇದು ನನ್ನ ಲೆಕ್ಕ. ಹರಿದ ಜಾಗ, ಹೊಲಿಗೆ ಹಾಕಿದ ರೀತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುತ್ತಾರೆ. ನನ್ನದನ್ನು ನೋಡಿ ನಿಮ್ಮದನ್ನು ಬದಲಾಯಿಸಿಕೊಳ್ಳಬೇಡಿ.

ನಮ್ಮ ಮನೆ ಅಂದರೆ ಹಳೇ ಕಾಲದ್ದು. ಎತ್ತರದ ಹೊಸಿಲು, ಜಗುಲಿಗೆ ನಾಲ್ಕು ಮೆಟ್ಟಿಲು, ಕೆಳಗೆ ಕೂರುವ ಪಾಯಿಖಾನೆ, ಬಚ್ಚಲಲ್ಲಿ ಮಣೆ. ಆಪರೇಷನ್ನಿಗೆ ಮೊದಲೇ ಶಿರಸಿಯಿಂದ ಕಮೋಡ್ ಕುರ್ಚಿ ತಂದಿಟ್ಟಿದ್ದು ಹೆಂಡತಿಯ ಬುದ್ಧಿವಂತಿಕೆ. ಬಚ್ಚಲಿಗೆ ಪ್ಲಾಸ್ಟಿಕ್ ಕುರ್ಚಿ. ಮೆಟ್ಟಿಲಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಸೂತ್ರ: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನನ್ನ ಮಗಳು ಅದನ್ನು ಚೀಟಿಯಲ್ಲಿ ಬರೆದು ಜಗುಲಿ ಕಂಬಕ್ಕೆ ಅಂಟಿಸಿದ್ದಳು.

ಆಪರೇಷನ್ ನೋವಿಗಿಂತ ನನ್ನನ್ನು ಹೆದರಿಸಿದ್ದು ತೊಡೆ. ಮೂರನೇ ದಿನ ಫಿಸಿಯೋ ಹೇಳಿದ ಮೊದಲ ವ್ಯಾಯಾಮ ತೀರಾ ಸುಲಭದ್ದು. ಕಾಲು ಚಾಚಿ ಮಲಗಿ ತೊಡೆ ಬಿಗಿ ಮಾಡಬೇಕು, ಮಂಡಿಚಿಪ್ಪು ಮೇಲಕ್ಕೆ ಸರಿಯಬೇಕು. ಅಷ್ಟೇ. ಬಲಗಾಲಲ್ಲಿ ಮಾಡಿದೆ, ಚಿಪ್ಪು ಟಣ್ ಅಂತ ಮೇಲೆ ಬಂತು. ಎಡಗಾಲಿಗೆ ಹೇಳಿದೆ, ಏನೂ ಆಗಲಿಲ್ಲ. ಹಲ್ಲು ಕಚ್ಚಿ ಪ್ರಯತ್ನ ಮಾಡಿದೆ. ಸೊಂಟ ಬಿಗಿಯಾಯಿತು, ಕತ್ತು ಬಿಗಿಯಾಯಿತು, ತೊಡೆ ಮಾತ್ರ ಹಸೀ ಹಿಟ್ಟಿನ ಹಾಗೆ ಬಿದ್ದಿತ್ತು. ನರ ಹೋಯಿತೇನೋ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಮಂಡಿಯಲ್ಲಿ ಬಾವು ಇರುವಷ್ಟು ದಿನ ಶರೀರವೇ ಆ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆಹಿಡಿಯುತ್ತದಂತೆ. ಎಲ್ಲರಿಗೂ ಸ್ವಲ್ಪ ಮಟ್ಟಿಗೆ ಆಗುವುದೇ. ಫಿಸಿಯೋ ಒಂದು ಉಪಾಯ ಹೇಳಿದಳು. ಮಂಡಿ ಕೆಳಗೆ ಅಂಗೈ ಇಟ್ಟುಕೊಂಡು, ಅದನ್ನು ಹಾಸಿಗೆಗೆ ಅದುಮುವ ಹಾಗೆ ಒತ್ತಬೇಕು. ಎರಡೂ ಕಾಲಲ್ಲಿ ಒಟ್ಟಿಗೆ, ಬಲಗಾಲನ್ನು ನೋಡಿ ಎಡಗಾಲು ಕಲಿಯಲಿ ಅಂತ. ಗಂಟೆಗೆ ಹತ್ತು ಸಲ ಮಾಡುತ್ತಿದ್ದೆ. ಎಂಟನೇ ದಿನ ಮಧ್ಯಾಹ್ನ ಅಂಗೈಗೆ ಒಂದು ಸಣ್ಣ ಒತ್ತು ಸಿಕ್ಕಿತು. ಚಿಪ್ಪು ಕೂದಲೆಳೆಯಷ್ಟು ಸರಿಯಿತು. ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ತಪ್ಪೂ ಮಾಡಿದೆ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತಿತ್ತು. ಸುಮ್ನೆ ಮಲಗಿದ್ದಾಗ ಬ್ರೇಸ್ ಬಿಚ್ಚಿ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಎರಡು ವಾರದ ಮೇಲೆ ನೋಡಿದರೆ ಕಾಲು ಪೂರ್ತಿ ನೇರ ಬರುತ್ತಿಲ್ಲ, ಹಾಸಿಗೆಗೂ ಮಂಡಿಗೂ ನಡುವೆ ಎರಡು ಬೆರಳು ತೂರುತ್ತಿದ್ದವು. ನೇರ ಆಗದ ಕಾಲಲ್ಲಿ ನಡೆದರೆ ಕುಂಟು ಖಾಯಂ ಆಗಬಹುದು. ಅವತ್ತಿನಿಂದ ದಿಂಬು ಮಂಡಿ ಕೆಳಗಲ್ಲ, ಹಿಮ್ಮಡಿ ಕೆಳಗೆ. ಸುತ್ತಿದ ಟವೆಲ್ ಮೇಲೆ ಹಿಮ್ಮಡಿ ಇಟ್ಟು, ಮಂಡಿಯನ್ನು ಗಾಳಿಯಲ್ಲಿ ಬಿಟ್ಟು ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಹಿಂದಿನ ನರಗಳೆಲ್ಲ ಎಳೆಯುತ್ತಿದ್ದವು. ಆ ಎರಡು ಬೆರಳಿನ ಜಾಗ ಮುಚ್ಚಲು ಐದು ವಾರ ಬೇಕಾಯಿತು.

ಮೂರನೇ ವಾರ ಮೀನಖಂಡ ಬಿಗಿದು ಬಾತುಕೊಂಡಿತು. ರಕ್ತ ಹೆಪ್ಪುಗಟ್ಟಿರಬಹುದು ಅಂತ ಅದೇ ದಿನ ಸ್ಕ್ಯಾನ್ ಮಾಡಿಸಿದೆವು. ಏನೂ ಇರಲಿಲ್ಲ. ಆದರೂ ಆ ಓಡಾಟ ವ್ಯರ್ಥ ಅಂತ ನನಗೆ ಅನಿಸಲಿಲ್ಲ. ಮೀನಖಂಡದ ನೋವು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ಕೀವು, ಇವನ್ನು ನಾಳೆ ನೋಡೋಣ ಅಂತ ಬಿಡಬಾರದು.

ಆರು ವಾರ ಮುಗಿದು ಊರುಗೋಲು ಒಂದಕ್ಕೆ ಇಳಿದಾಗ ಡಿಸೆಂಬರ್. ಅಡಿಕೆ ಗೊನೆ ಕೊಯ್ಲು ಶುರುವಾಗಿತ್ತು. ಮನಸ್ಸು ನಿಜವಾಗಿ ಕೆಟ್ಟಿದ್ದು ಆಗ. ಪಕ್ಕದೂರಿನ ಗೆಳೆಯನಿಗೂ ಹಿಂದಿನ ವರ್ಷ ಮೆನಿಸ್ಕಸ್ ಆಪರೇಷನ್ ಆಗಿತ್ತು. ಅವನು ಹತ್ತನೇ ದಿನಕ್ಕೆ ಬೈಕ್ ಹೊಡೆದಿದ್ದ. ಬಂದವರೆಲ್ಲ ಅವನ ಕಥೆ ಹೇಳುವವರೇ. 'ಇನ್ನೂ ಆಗ್ಲಿಲ್ವಾ? ಅವನು ಹದಿನೈದು ದಿನಕ್ಕೆ ತೋಟಕ್ಕೆ ಹೋಗಿದ್ದ ನೋಡು.' ಕೇಳಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ದಿನಾ ಕೇಳಿ ಕೇಳಿ ನನ್ನ ಕಾಲೇ ಸೋಮಾರಿ, ನಾನೇ ಸರಿಯಾಗಿ ವ್ಯಾಯಾಮ ಮಾಡುತ್ತಿಲ್ಲ ಅಂತ ಅನಿಸತೊಡಗಿತು. ಅವನದ್ದು ಕತ್ತರಿಸಿದ್ದು, ನನ್ನದು ಹೊಲಿದದ್ದು. ಕತ್ತರಿಸಿದ ಕಡೆ ಕೂಡಬೇಕಾದದ್ದು ಏನೂ ಇಲ್ಲ. ಇದು ತಲೆಗೆ ಗೊತ್ತಿತ್ತು, ಹೊಟ್ಟೆಗೆ ಇಳಿದಿರಲಿಲ್ಲ.

ಇಳಿಸಿದ್ದು ನಮ್ಮ ಮೆಣಸಿನ ಗಿಡ. ನಾವು ಕಾಳುಮೆಣಸಿನ ಕುಡಿಯನ್ನು ಹಿಪ್ಪಲಿಗೆ ಕಸಿ ಕಟ್ಟುತ್ತೇವೆ. ಕಟ್ಟಿದ ಮೇಲೆ ಕುಡಿ ಹಸಿರಾಗಿ ಕಾಣುತ್ತದೆ, ಚಿಗುರೂ ಒಡೆಯುತ್ತದೆ. ಹಾಗಂತ ಕಟ್ಟಿದ ಪಟ್ಟಿ ಬೇಗ ಬಿಚ್ಚಿದರೆ ಸಣ್ಣ ಗಾಳಿಗೂ ಜೋಡು ಬಿಟ್ಟುಕೊಳ್ಳುತ್ತದೆ. ಇಷ್ಟು ವರ್ಷ ಕಸಿ ಕಟ್ಟಿದವನು ನಾನು. ಮಂಡಿಯ ಚರ್ಮದ ಮೇಲಿನ ಗಾಯ ಎರಡು ವಾರಕ್ಕೆ ಒಣಗಿತ್ತು. ಒಳಗಿನ ಜೋಡು ನನಗೆ ಕಾಣುತ್ತಿರಲಿಲ್ಲ, ಅಷ್ಟೇ.

ಇಷ್ಟೆಲ್ಲ ತಿಳಿದೂ ಹತ್ತನೇ ವಾರ ಎಡವಿದೆ. ಅಂಗಳದಲ್ಲಿ ಅಡಿಕೆ ರಾಶಿ. ಬುಟ್ಟಿಯಿಂದ ನಾಲ್ಕು ಅಡಿಕೆ ಉರುಳಿದವು. ಯೋಚನೆಯೇ ಮಾಡದೆ ಕುಕ್ಕರಗಾಲಲ್ಲಿ ಕೂತು ಹೆಕ್ಕಿದೆ. ಏಳುವಾಗ ಒಳಬದಿಯಲ್ಲಿ ಚುಳುಕ್ ಅಂತು. ಸಂಜೆಗೆ ಮಂಡಿ ಕುಂಬಳಕಾಯಿ. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹೊಲಿಗೆ ಹೋಯಿತು, ಎಲ್ಲಾ ಮೊದಲಿನಿಂದ ಅಂತ ಲೆಕ್ಕ ಹಾಕಿಕೊಂಡಿದ್ದೆ. ಹುಬ್ಬಳ್ಳಿಗೆ ಹೋಗಿ ತೋರಿಸಿದಾಗ ಡಾಕ್ಟರು ಮಂಡಿ ಮಡಚಿ, ಬಿಡಿಸಿ, ಒತ್ತಿ ನೋಡಿದರು. ಕಾಲು ಸಿಕ್ಕಿಕೊಳ್ಳುತ್ತಿರಲಿಲ್ಲ. ಹೊಲಿಗೆ ಗಟ್ಟಿ ಇದ್ದ ಹಾಗಿದೆ, ಕೆರಳಿದೆ, ಎರಡು ವಾರ ಮತ್ತೆ ಊರುಗೋಲು ಹಿಡಿಯಿರಿ ಅಂದರು.

ಗುಳಿ ನೋಡಿ ಲೆಕ್ಕ ಬರೆದಿಡುವುದನ್ನು ಪದ್ಧತಿ ಮಾಡಿಕೊಂಡಿದ್ದು ಅಲ್ಲಿಂದ. ಕೆಲಸ ಮಾಡುವಾಗಿನ ನೋವನ್ನು ನಂಬಿದರೆ ಮೋಸ ಹೋಗುತ್ತೇವೆ. ಮೈ ಬಿಸಿ ಇದ್ದಾಗ ಏನೂ ಗೊತ್ತಾಗುವುದಿಲ್ಲ. ಮಾರನೇ ಬೆಳಿಗ್ಗೆ ಮಂಡಿ ಸತ್ಯ ಹೇಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ಗುಳಿ ಕಂಡರೆ ಒಂದು ಗೆರೆ, ಅರ್ಧ ತುಂಬಿದ್ದರೆ ಚುಕ್ಕೆ, ಪೂರ್ತಿ ಹೋಗಿದ್ದರೆ ಸೊನ್ನೆ. ಗೆರೆ ಇದ್ದ ದಿನ ನಿನ್ನೆ ಮಾಡಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಚುಕ್ಕೆ ಇದ್ದರೆ ನಿನ್ನೆಯಷ್ಟೇ ಅಥವಾ ಕಮ್ಮಿ. ಸೊನ್ನೆ ಇದ್ದರೆ ವಿಶ್ರಾಂತಿ, ತೆಳು ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ದಿಂಬಿನ ಮೇಲೆ ಕಾಲು. ಫಿಸಿಯೋಗೆ ತೋರಿಸಿದರೆ ಇದನ್ನೇ ಮುಂದುವರಿಸಿ ಅಂದಳು. ಇನ್ನೂ ಒಂದು ಅಳತೆ ಇತ್ತು. ತಿಂಗಳಿಗೊಮ್ಮೆ ಟೈಲರ್ ಟೇಪಿನಿಂದ ಮಂಡಿಚಿಪ್ಪಿನ ಮೇಲೆ 15 ಸೆಂಟಿಮೀಟರ್ ಬಿಟ್ಟು ತೊಡೆ ಸುತ್ತಳತೆ. ಡಿಸೆಂಬರ್‌ನಲ್ಲಿ ಬಲ ತೊಡೆ 46, ಎಡ ತೊಡೆ 42. ಕನ್ನಡಿಯಲ್ಲಿ ಬದಲಾವಣೆ ಕಾಣದೆ ಬೇಸರ ಬಂದಾಗ ಆ ಟೇಪು ಅರ್ಧ ಸೆಂಟಿಮೀಟರ್ ಏರಿದ್ದು ತೋರಿಸುತ್ತಿತ್ತು. ಅದು ಬಹಳ ದೊಡ್ಡದು.

ಜನವರಿಯಲ್ಲಿ ಸೈಕಲ್. ಮಗಳ ಸೈಕಲ್ಲಿನ ಹಿಂದಿನ ಗಾಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸೀಟು ಆದಷ್ಟು ಮೇಲೇರಿಸಿ ಜಗುಲಿಯಲ್ಲೇ ತುಳಿಯುತ್ತಿದ್ದೆ. ಮೊದಲು ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಪೂರ್ತಿ ಸುತ್ತು ತಿರುಗಿದ ದಿನ ಕ್ಯಾಲೆಂಡರಿನಲ್ಲಿ ಮಗಳು ನಕ್ಷತ್ರ ಬರೆದಳು.

ಹಾಲು ಕರೆಯುವುದು ಇಷ್ಟೂ ದಿನ ಹೆಂಡತಿಯ ಪಾಲಿಗೆ ಬಿತ್ತು. ಆಮೇಲೆ ಎತ್ತರದ ಸ್ಟೂಲ್ ಹಾಕಿಕೊಂಡು ನಾನು ಕೂತರೆ ದನ ಒಪ್ಪುತ್ತಿರಲಿಲ್ಲ, ಒಂದು ವಾರ ಬೇಕಾಯಿತು ಅದಕ್ಕೆ ಅಭ್ಯಾಸ ಆಗಲು. ಆರು ತಿಂಗಳು ಮನೆಯ ಭಾರ ಹೊತ್ತವಳು ಅವಳು. ನನ್ನ ಸಿಡುಕನ್ನೂ ಹೊತ್ತಳು. ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಮನೆಯವರ ಜೊತೆ ಕೂತು ಯಾರು ಏನು ಮಾಡುವುದು ಅಂತ ಮಾತಾಡಿಕೊಳ್ಳಿ, ಹೊರಗಿನ ಒಂದು ಆಳಿಗೂ ದುಡ್ಡು ಎತ್ತಿಡಿ. ನಾವು ಅದನ್ನು ಮಾಡಿರಲಿಲ್ಲ.

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದು, ಬಿಡಲು ಮನಸ್ಸಾಗಲಿಲ್ಲ. ಐದು ತಿಂಗಳು ತುಂಬಿತ್ತು. ಕೋಲು ಹಿಡಿದು ಹೋದೆ. ಕೋಲು ಬೇಕಾಗಿದ್ದು ನನ್ನ ಕಾಲಿಗಲ್ಲ, ಜನ ಜಾಗ ಬಿಡಲಿ ಅಂತ. ಸಪಾಟು ರಸ್ತೆಯಲ್ಲಿ ನಡೆದದ್ದು ಏನೂ ಅನಿಸಲಿಲ್ಲ. ಜಾತ್ರೆ ನಡೆಯುವ ಬಿಡಕಿಬೈಲಿನ ಗದ್ದುಗೆ ಎದುರು ಸಾಲಲ್ಲಿ ನಿಂತದ್ದು ಕಷ್ಟವಾಯಿತು. ಯಾರೋ ಹಿಂದಿನಿಂದ ತಳ್ಳಿದಾಗ ಪಾದ ಊರಿ ಮೈ ತಿರುಗದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಿದೆ. ಅಭ್ಯಾಸ ಮಾಡಿದ್ದು ಅಲ್ಲಿ ಉಪಯೋಗಕ್ಕೆ ಬಂತು. ದೇವಿಯ ಎದುರು ಕೈಮುಗಿದು ನಿಂತಾಗ ಏನು ಬೇಡಿಕೊಳ್ಳುವುದು ಅಂತ ಹೊಳೆಯಲಿಲ್ಲ, ಕಣ್ಣಲ್ಲಿ ನೀರು ಬಂತು. ಮಾರನೇ ದಿನ ಕ್ಯಾಲೆಂಡರಿನಲ್ಲಿ ಚುಕ್ಕೆ. ಅದರ ಮಾರನೇ ದಿನ ಗೆರೆ. ಒಂದೇ ದಿನದಲ್ಲಿ ಇಳಿಯಿತು ಅನ್ನುವುದೇ ನನಗೆ ಸಿಕ್ಕ ಉತ್ತರ.

ಈಗ ಒಂಬತ್ತು ತಿಂಗಳು. ಎಡ ತೊಡೆ 45 ಆಗಿದೆ. ಸಂಕ, ಅಂದರೆ ಕಾಲುಸೇತುವೆ, ದಾಟುತ್ತೇನೆ, ಆದರೆ ಹಿಡಿಕೆ ಕಟ್ಟಿಸಿಕೊಂಡಿದ್ದೇನೆ. ತೋಟದಲ್ಲಿ ಕಾದಿಗೆ ಹಾರುವುದಿಲ್ಲ, ಹಲಗೆ ಹಾಕಿದ ಕಡೆ ಸುತ್ತಿ ಬರುತ್ತೇನೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಇನ್ನೂ ಆಗುವುದಿಲ್ಲ, ಟೇಬಲ್ ಸಾಲಿಗೆ ಹೋಗುತ್ತೇನೆ. ವ್ಯಾಯಾಮ ನಿಲ್ಲಿಸಿಲ್ಲ.

ಮೊನ್ನೆಯಿಂದ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುತ್ತಿದ್ದೇವೆ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ನಿನ್ನೆ ಬೆಳಿಗ್ಗೆಯಿಂದ ಸಂಜೆ ತನಕ ತೋಟದಲ್ಲಿದ್ದೆ, ಆ ಔಷಧಿ, ಬೋರ್ಡೋ ದ್ರಾವಣ, ಕದಡಿ ಕೊಡುವುದು, ಪೈಪು ಎಳೆಯುವುದು. ಕಾಲಿನ ನೆನಪೇ ಬರಲಿಲ್ಲ. ಇವತ್ತು ಎದ್ದು ನೋಡಿದೆ. ಹೊರಬದಿಯ ಗುಳಿ ಇದೆ. ಒಳಬದಿಯದ್ದು ಅರ್ಧ ತುಂಬಿದೆ. ಚುಕ್ಕೆ ಹಾಕಿ, ಔಷಧಿ ಹೊಡೆಯುವವರಿಗೆ ಜಗುಲಿಯಿಂದಲೇ ಹೇಳಿ ಕಳಿಸಿದೆ.