ನಾಲೆಯ ಮೇಲೊಂದು ನಿಧಾನದ ವಾರ: ಫ್ರಾನ್ಸಿನಲ್ಲಿ ದೋಣಿಮನೆ ನಡೆಸುವುದು ಹೇಗೆ?

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಎಂಬ ನಾಲೆಯಲ್ಲಿ ದೋಣಿಗಳಿಗಿರುವ ವೇಗಮಿತಿ ಗಂಟೆಗೆ 8 ಕಿಲೋಮೀಟರ್. ದಡದ ಹಾದಿಯಲ್ಲಿ ಸೈಕಲ್ ತುಳಿಯುವ ಹುಡುಗನೊಬ್ಬ ನಿಮ್ಮನ್ನು ಹಿಂದಿಕ್ಕಿ, ಮುಂದಿನ ಹಳ್ಳಿಯಲ್ಲಿ ಬ್ರೆಡ್ ಕೊಂಡು, ಮನೆಗೆ ಮರಳುವಾಗ ಎದುರಿಗೆ ಸಿಕ್ಕಿ ಕೈಬೀಸಿ ಹೋಗುತ್ತಾನೆ. ಈ ನಿಧಾನ ನಿಮಗೆ ಒಗ್ಗುವುದಾದರೆ ಮುಂದೆ ಓದಿ. ಒಂದು ವಾರದಲ್ಲಿ ಐದು ನಗರಗಳನ್ನು ನೋಡಿ ಮುಗಿಸುವ ಉಮೇದು ಇರುವವರು ರೈಲನ್ನೇ ಹಿಡಿಯುವುದು ಒಳ್ಳೆಯದು.

ಇಲ್ಲಿ ಹೇಳುತ್ತಿರುವುದು ಅಡುಗೆಯವರು, ಚಾಲಕರು ಎಲ್ಲರೂ ಇರುವ ಐಷಾರಾಮಿ ದೋಣಿಯ ವಿಷಯವಲ್ಲ. ಮಲಗುವ ಕೋಣೆ, ಅಡುಗೆಮನೆ, ಸ್ನಾನದ ಮನೆಗಳಿರುವ ದೋಣಿಯನ್ನು ಬಾಡಿಗೆಗೆ ಪಡೆದು ನೀವೇ ನಡೆಸುವ ಪ್ರವಾಸದ ವಿಷಯ. ಫ್ರಾನ್ಸಿನಲ್ಲಿ ಇಂತಹ ಬಾಡಿಗೆ ದೋಣಿಗೆ ಚಾಲನಾ ಪರವಾನಗಿ ಬೇಕಿಲ್ಲ. ಬಾಡಿಗೆಗೆ ಕೊಡುವ ಕಂಪನಿಯವರೇ ಹೊರಡುವ ಮುನ್ನ ತರಬೇತಿ ನೀಡಿ, ಆ ಪ್ರವಾಸದ ಮಟ್ಟಿಗೆ ಸಲ್ಲುವ ಒಂದು ಚೀಟಿಯನ್ನು ಕೊಡುತ್ತಾರೆ.

ಮೊದಲು ನಾಲೆಯನ್ನು ಆರಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ವೈನಿಗೆ ಹೆಸರಾದ ಬರ್ಗಂಡಿ ಸೀಮೆಯ ಹೆಸರಿಗೆ ಮನಸೋತು ಬರ್ಗಂಡಿ ನಾಲೆಯನ್ನು ಆರಿಸಿಕೊಳ್ಳುವವರಿಗೆ ಅದರ 242 ಕಿಲೋಮೀಟರ್ ಉದ್ದದಲ್ಲಿ 189 ಲಾಕ್‌ಗಳಿವೆ ಎಂಬುದು ಅಲ್ಲಿಗೆ ಹೋದ ಮೇಲೆ ಅರಿವಾಗುತ್ತದೆ. ಲಾಕ್ ಎಂದರೆ ಎರಡು ಬಾಗಿಲುಗಳ ನಡುವಿನ ಆಳವಾದ ನೀರಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟುಕೊಂಡು, ನೀರನ್ನು ತುಂಬಿಸಿ ಅಥವಾ ಹರಿಯಬಿಟ್ಟು ಅದನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ಏರ್ಪಾಡು ಅದು. ಒಂದೊಂದಕ್ಕೂ ಹದಿನೈದು ಇಪ್ಪತ್ತು ನಿಮಿಷ ಬೇಕು. ಆದ್ದರಿಂದ ನಕ್ಷೆಯಲ್ಲಿ ಕಿಲೋಮೀಟರ್ ಎಣಿಸುವ ಮೊದಲು ಲಾಕ್‌ಗಳನ್ನು ಎಣಿಸಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಕನಾಲ್ ದ್ಯು ಮಿದಿ, ಅದರಲ್ಲಿಯೂ ಕಾರ್ಕಸೋನ್ ಪಕ್ಕದ ತ್ರೆಬ್ ಎಂಬ ಊರಿನಿಂದ ಬೆಜಿಯೆ ನಗರವನ್ನು ದಾಟಿ ಸಮುದ್ರದ ಸಮೀಪದವರೆಗಿನ ನೂರು ಕಿಲೋಮೀಟರ್ ಚಿಲ್ಲರೆಯ ಹಾದಿ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ದಿಕ್ಕಿನಲ್ಲಿ ಹೋದರೆ ಎಲ್ಲ ಲಾಕ್‌ಗಳಲ್ಲಿಯೂ ನೀವು ಇಳಿಯುತ್ತೀರಿ. ಇಳಿಯುವಾಗ ನೀರು ಸದ್ದಿಲ್ಲದೆ ತಗ್ಗುತ್ತದೆ, ಏರುವಾಗಲಾದರೋ ನುಗ್ಗಿ ಬರುವ ನೀರು ದೋಣಿಯನ್ನು ಅತ್ತಿತ್ತ ತಳ್ಳುತ್ತದೆ. ಎರಡನೆಯದಾಗಿ, ಮೊದಲ ಎರಡು ಮೂರು ದಿನಗಳಲ್ಲಿ ಇಪ್ಪತ್ತರಷ್ಟು ಲಾಕ್ ದಾಟಿ ಕೈ ಪಳಗುವ ಹೊತ್ತಿಗೆ ಅರ್ಜಾನ್ಸ್ ಎಂಬ ಊರು ಬರುತ್ತದೆ. ಅಲ್ಲಿಂದ ಬೆಜಿಯೆಯವರೆಗೆ ಸುಮಾರು 54 ಕಿಲೋಮೀಟರ್ ಒಂದೇ ಒಂದು ಲಾಕ್ ಇಲ್ಲ.

ಈ ನಾಲೆಯ ಚರಿತ್ರೆಯನ್ನೂ ಒಂದಿಷ್ಟು ತಿಳಿದು ಹೊರಟರೆ ದಾರಿಯಲ್ಲಿ ಕಾಣುವುದಕ್ಕೆ ಅರ್ಥ ಬರುತ್ತದೆ. ಇದನ್ನು ಕಟ್ಟಿಸಿದ ಪಿಯೆರ್ ಪಾಲ್ ರಿಕೆ ಎಂಜಿನಿಯರನಾಗಿರಲಿಲ್ಲ. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಉಪ್ಪಿನ ಸುಂಕವನ್ನು ಗುತ್ತಿಗೆ ಹಿಡಿದಿದ್ದವನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ನಮ್ಮ ಗಾದೆಗೆ ಅಪವಾದವೆಂಬಂತೆ ಈತ ತನ್ನ ಹಣವನ್ನೂ ಸುರಿದು, 1666ರಿಂದ ಮುಂದಕ್ಕೆ ಟೂಲೂಸ್ ನಗರವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಜೋಡಿಸುವ 240 ಕಿಲೋಮೀಟರ್ ನಾಲೆಯನ್ನು ತೋಡಿಸಿದ. 1681ರಲ್ಲಿ ಅದು ತೆರೆದಾಗ ರಿಕೆ ತೀರಿಕೊಂಡು ಕೆಲವೇ ತಿಂಗಳುಗಳಾಗಿದ್ದವು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾಲೆಯೆಂದರೆ ಗದ್ದೆಗೆ ನೀರು ಹರಿಸುವುದು ಎಂದೇ ತಿಳಿದು ಬೆಳೆದ ನಮಗೆ, ಮುಖ್ಯವಾಗಿ ಸರಕು ಸಾಗಿಸಲೆಂದೇ ಇಷ್ಟುದ್ದ ತೋಡಿದ್ದಾರೆಂಬುದು ಒಂದು ಕ್ಷಣ ಅಚ್ಚರಿಯಾಗುತ್ತದೆ.

ತಿಂಗಳು, ದೋಣಿ ಮತ್ತು ಕಾಗದಪತ್ರ

ಬಾಡಿಗೆ ದೋಣಿಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಸಿಗುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಾಡಿಗೆ ಏರಿರುತ್ತದೆ, ಬಿಸಿಲು ಸುಡುತ್ತದೆ, ಲಾಕ್‌ಗಳ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ಮೇ ಅಥವಾ ಸೆಪ್ಟೆಂಬರ್ ಉತ್ತಮ. ಸೆಪ್ಟೆಂಬರಿನಲ್ಲಿ ಎರಡೂ ದಡಗಳ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ನಡೆದಿರುತ್ತದೆ.

ದೋಣಿಯನ್ನು ಆರಿಸುವಾಗ ಜಾಹೀರಾತಿನಲ್ಲಿರುವ ಸಂಖ್ಯೆಯನ್ನು ಪೂರ್ತಿ ನಂಬಬಾರದು. ಆರು ಮಂದಿ ಮಲಗಬಹುದು ಎಂದರೆ, ಊಟದ ಮೇಜನ್ನು ಮಡಚಿ ಹಾಸಿಗೆ ಮಾಡಿಕೊಳ್ಳುವುದೂ ಆ ಲೆಕ್ಕದಲ್ಲಿ ಸೇರಿರುತ್ತದೆ. ನಾಲ್ವರು ಹೋಗುವುದಾದರೆ ಆರು ಜನರ ದೋಣಿಯನ್ನೇ ತೆಗೆದುಕೊಳ್ಳಿ. ಇಬ್ಬರೇ ಹೋಗುವುದು ಸಾಧ್ಯ, ಆದರೆ ಲಾಕ್‌ಗಳಲ್ಲಿ ಒಬ್ಬರು ಚುಕ್ಕಾಣಿ ಹಿಡಿದರೆ ಹಗ್ಗಗಳಿಗೆ ಉಳಿಯುವವರು ಒಬ್ಬರೇ. ಬಾಡಿಗೆಯ ಹೊರತಾಗಿ ಡೀಸೆಲ್ ಖರ್ಚು ಬೇರೆ ಇರುತ್ತದೆ. ಅದನ್ನು ಹೆಚ್ಚಾಗಿ ಎಂಜಿನ್ ಓಡಿದ ಗಂಟೆಗಳ ಲೆಕ್ಕದಲ್ಲಿ ಕೊನೆಗೆ ವಸೂಲು ಮಾಡುತ್ತಾರೆ. ಮುಂಗಡ ಠೇವಣಿ, ಸೈಕಲ್ ಬಾಡಿಗೆ, ಕೊನೆಯಲ್ಲಿ ದೋಣಿ ತೊಳೆಯುವ ಶುಲ್ಕ, ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಬಿಡುವುದಕ್ಕೆ ಹೆಚ್ಚುವರಿ ಹಣ, ಇವೆಲ್ಲವನ್ನೂ ಮೊದಲೇ ಕೇಳಿ ಬರೆಸಿಕೊಳ್ಳಿ. ಸೈಕಲ್ಲಿಗೆ ಮಾತ್ರ ಜಿಪುಣತನ ಮಾಡಬೇಡಿ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಉಳಿದುಕೊಳ್ಳುವ ಜಾಗದ ದಾಖಲೆಯಾಗಿ ದೋಣಿಯ ಬಾಡಿಗೆ ಕರಾರನ್ನೂ ಅದರ ಹಿಂದುಮುಂದಿನ ರಾತ್ರಿಗಳ ಹೋಟೆಲ್ ಚೀಟಿಗಳನ್ನೂ ಒಟ್ಟಿಗೆ ಲಗತ್ತಿಸಿ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಅಲ್ಲಿಂದ ಟೂಲೂಸ್‌ಗೆ ವೇಗದ ರೈಲಿನಲ್ಲಿ ನಾಲ್ಕೂವರೆ ಗಂಟೆ, ಮುಂದೆ ಕಾರ್ಕಸೋನ್‌ಗೆ ಒಂದು ಗಂಟೆಯ ಒಳಗೆ. ಕಾರ್ಕಸೋನ್ ಕೋಟೆಯನ್ನು ನೋಡಲು ಒಂದು ದಿನ ಮುಂಚಿತವಾಗಿಯೇ ಬಂದುಬಿಡಿ.

ದೋಣಿಯನ್ನು ವಹಿಸಿಕೊಳ್ಳುವಾಗ

ಸಾಮಾನ್ಯವಾಗಿ ಮಧ್ಯಾಹ್ನ ಇಳಿಹೊತ್ತಿಗೆ ದೋಣಿಯನ್ನು ಒಪ್ಪಿಸುತ್ತಾರೆ. ತರಬೇತಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಲಿಸುವವರಿಗೆ ಅದು ಆ ದಿನದ ಐದನೆಯ ದೋಣಿಯಾಗಿರಬಹುದು, ನಿಮಗೆ ಅದು ಮೊದಲನೆಯದು. ಹಾಗಾಗಿ ನಾಚಿಕೊಳ್ಳದೆ, ನಿಲ್ಲಿಸುವುದು ಹೇಗೆಂಬುದನ್ನು ಎರಡು ಸಲ ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸಲು ಕೇಳಿ. ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಬೇಕು. ಚುಕ್ಕಾಣಿ ತಿರುಗಿಸಿದ ಮೇಲೆ ದೋಣಿ ಒಂದೆರಡು ಕ್ಷಣ ಯೋಚಿಸಿ ತಿರುಗುತ್ತದೆ, ತಿರುಗಲು ಶುರುಮಾಡಿದ ಮೇಲೆ ಸುಲಭವಾಗಿ ನಿಲ್ಲುವುದಿಲ್ಲ. ಕಾರು ನಡೆಸುವವರು ಹೆಚ್ಚಾಗಿ ಅವಸರಪಟ್ಟು ಇನ್ನಷ್ಟು ತಿರುಗಿಸುತ್ತಾರೆ, ದೋಣಿ ಹಾವಿನಂತೆ ಹರಿಯತೊಡಗುತ್ತದೆ. ಸ್ವಲ್ಪ ತಿರುಗಿಸಿ, ಕಾಯಿರಿ, ಆಮೇಲೆ ನೇರ ಮಾಡಿ. ಈ ಭಾಗದಲ್ಲಿ ವಾಯವ್ಯದಿಂದ ಬೀಸುವ ಒಣಗಾಳಿ ಜೋರಾಗಿದ್ದ ದಿನ, ತಳ ಚಪ್ಪಟೆಯಾಗಿರುವ ಈ ದೋಣಿಗಳು ಪಕ್ಕಕ್ಕೆ ತೇಲಿಹೋಗುತ್ತವೆ. ಅಂತಹ ದಿನ ಊರಿನಲ್ಲಿಯೇ ಉಳಿದರೆ ನಷ್ಟವೇನೂ ಇಲ್ಲ.

ಸಾಮಾನಿನ ಪಟ್ಟಿಗೆ ಸಹಿ ಹಾಕುವ ಮುನ್ನ ಹಗ್ಗಗಳು, ಕೊಕ್ಕೆಕೋಲು, ಬದಿಗೆ ನೇತುಬಿಟ್ಟ ರಬ್ಬರಿನ ದಿಂಡುಗಳು, ಎರಡು ಕಬ್ಬಿಣದ ಗೂಟಗಳು, ಒಂದು ಸುತ್ತಿಗೆ, ಇವನ್ನೆಲ್ಲ ನೀವೇ ಎಣಿಸಿ ನೋಡಿ. ಈಜು ಬರುವವರೂ ಸೇರಿದಂತೆ ಎಲ್ಲರ ಅಳತೆಗೆ ತಕ್ಕ ಜೀವರಕ್ಷಕ ಜಾಕೆಟ್ ಇರಲಿ. ಮಕ್ಕಳಿಗೆ ಅದನ್ನು ತೊಡಿಸಿಯೇ ಮೇಲಿನ ಹಲಗೆಗೆ ಬಿಡಿ.

ಲಾಕ್ ದಾಟುವುದು

ಲಾಕ್ ಸಮೀಪಿಸುತ್ತಿದ್ದಂತೆ ಕೆಂಪು ದೀಪವಿದ್ದರೆ ದೂರದಲ್ಲಿಯೇ ನಿಲ್ಲಿ. ಹಸಿರಾದ ಮೇಲೆ, ನಡೆಯುವ ವೇಗಕ್ಕಿಂತಲೂ ಕಡಿಮೆ ವೇಗದಲ್ಲಿ ಒಳಗೆ ಬನ್ನಿ. ಹಗ್ಗ ಹಿಡಿಯುವವರು ಮೊದಲೇ ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ ನಿಂತಿರಬೇಕು. ಇಳಿಯುವ ಲಾಕ್‌ನಲ್ಲಿ ನೀರು ದಡದ ಮಟ್ಟಕ್ಕೇ ತುಂಬಿರುವುದರಿಂದ ಕಲ್ಲಿನ ಕಟ್ಟೆಗೆ ಹೆಜ್ಜೆಯಿಟ್ಟು ಇಳಿಯುವುದು ಸುಲಭ. ಜಿಗಿಯುವ ಅಗತ್ಯವಿಲ್ಲ, ಜಿಗಿಯಲೂಬಾರದು. ಹಗ್ಗವನ್ನು ಕಟ್ಟೆಯ ಮೇಲಿನ ಗಿಡ್ಡ ಕಂಬಕ್ಕೆ ಒಂದು ಸುತ್ತು ಹಾಕಿ, ಅದರ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ದೋಣಿಗೆ ಮರಳಿ. ನೀರು ತಗ್ಗಿದಂತೆಲ್ಲ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತಾ ಹೋಗಬೇಕು. ಗಂಟು ಹಾಕಲೇಬಾರದು.

ಈ ಕೊನೆಯ ವಾಕ್ಯವನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ತ್ರೆಬ್‌ನಲ್ಲಿ ಒಂದರ ಕೆಳಗೊಂದರಂತೆ ಮೂರು ಕೊಠಡಿಗಳಿರುವ ಲಾಕ್ ಇದೆ. ಎರಡನೆಯ ಕೊಠಡಿಯಲ್ಲಿ, ಕ್ಯಾಮೆರಾ ತೆಗೆಯುವ ಆಸೆಗೆ ಹಿಂದಿನ ಹಗ್ಗವನ್ನು ದೋಣಿಯ ಕೊಂಡಿಗೆ ಎರಡು ಗಂಟು ಬಿಗಿದು ನಾನು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಹಗ್ಗ ವೀಣೆಯ ತಂತಿಯಂತೆ ಬಿಗಿದಿತ್ತು, ದೋಣಿ ಒಂದು ಮಗ್ಗುಲಿಗೆ ವಾಲಿತ್ತು, ಅಡುಗೆಮನೆಯಲ್ಲಿ ಲೋಟಗಳು ಉರುಳುತ್ತಿದ್ದವು. ಅಷ್ಟು ಭಾರ ಬಿದ್ದ ಗಂಟನ್ನು ಬಿಚ್ಚಲು ಯಾರಿಂದಲೂ ಆಗದು. ಹೆಂಡತಿ ಕೂಗಿದ ಸದ್ದಿಗೆ ಲಾಕಿನ ಸಿಬ್ಬಂದಿ ಗುಂಡಿಯೊತ್ತಿ ನೀರು ನಿಲ್ಲಿಸಿ, ಮತ್ತೆ ನೀರು ತುಂಬಿಸಿ ದೋಣಿಯನ್ನು ಮೇಲೆತ್ತಿದರು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಹಗ್ಗದ ಬಳಿ ಒಂದು ಚಾಕುವನ್ನು ಇಟ್ಟುಕೊಳ್ಳತೊಡಗಿದೆವು. ನೀವೂ ಇಟ್ಟುಕೊಳ್ಳಿ.

ಇಳಿಯುವಾಗ ಇನ್ನೊಂದು ಅಪಾಯವಿದೆ. ಹಿಂದಿನ ಬಾಗಿಲಿನ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ನೀರಿನೊಳಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ತಗ್ಗಿದಾಗ ಹಿಂಭಾಗ ಅಲ್ಲಿಯೇ ಕುಳಿತು ಮುಂಭಾಗ ಮಾತ್ರ ಕೆಳಗಿಳಿಯುತ್ತದೆ. ಅದಕ್ಕೇ ಹಿಂದಿನ ಬಾಗಿಲಿನಿಂದ ಸಾಕಷ್ಟು ಮುಂದೆ ಸರಿದು ನಿಲ್ಲಬೇಕು.

ಈ ನಾಲೆಯ ಲಾಕ್‌ಗಳು ಮೊಟ್ಟೆಯಾಕಾರದಲ್ಲಿವೆ. ಆರಂಭದಲ್ಲಿ ನೇರ ಗೋಡೆಗಳಿದ್ದ ಲಾಕ್ ಒಂದು ಮಣ್ಣಿನ ಒತ್ತಡಕ್ಕೆ ಕುಸಿದ ಮೇಲೆ ರಿಕೆ ಗೋಡೆಗಳನ್ನು ಕಮಾನಿನಂತೆ ಬಾಗಿಸಿ ಕಟ್ಟಿಸಿದ. ಮೂರೂವರೆ ಶತಮಾನ ಅವು ನಿಂತಿವೆ, ಆದರೆ ಉದ್ದನೆಯ ದೋಣಿಗೆ ಬಾಗಿದ ಗೋಡೆಯ ಪಕ್ಕದಲ್ಲಿ ಒರಗಿ ನಿಲ್ಲುವುದು ಕಷ್ಟ. ಮಧ್ಯದಲ್ಲಿ ಅಂತರ ಉಳಿಯುತ್ತದೆ, ಎರಡು ತುದಿಗಳು ಗೋಡೆಗೆ ತಾಗುತ್ತವೆ. ರಬ್ಬರಿನ ದಿಂಡುಗಳನ್ನು ತುದಿಗಳ ಕಡೆಗೆ ಸರಿಸಿಕೊಳ್ಳಿ, ಕೈಕಾಲುಗಳಿಂದ ಗೋಡೆಯನ್ನು ತಳ್ಳಲು ಹೋಗಬೇಡಿ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲಾಕ್‌ಗಳು ಮುಚ್ಚಿರುತ್ತವೆ, ಸಂಜೆಯ ಮೇಲಂತೂ ತೆರೆಯುವುದೇ ಇಲ್ಲ. ಅಲ್ಲಿನವರ ಊಟವೆಂದರೆ ಊಟವೇ. ಹಾರ್ನ್ ಮಾಡಿ ಪ್ರಯೋಜನವಿಲ್ಲ. ಆ ಸಮಯದಲ್ಲಿ ನೀವೂ ಒಲೆ ಹಚ್ಚಿ.

ಅಡುಗೆಯ ಮಾತು

ಈ ಸೀಮೆಯ ಹೆಸರಾಂತ ಖಾದ್ಯವಾದ ಕಾಸುಲೆಯಲ್ಲಿ ಬಿಳಿ ಬೀನ್ಸ್ ಜೊತೆಗೆ ಹಂದಿ, ಬಾತುಕೋಳಿಗಳ ಮಾಂಸ ಬೆಂದಿರುತ್ತದೆ. ಸಸ್ಯಾಹಾರಿಗಳಿಗೆ ಹಳ್ಳಿಯ ಹೋಟೆಲುಗಳಲ್ಲಿ ಆಮ್ಲೆಟ್, ಸಲಾಡ್‌ಗಳಾಚೆಗೆ ಹೆಚ್ಚೇನೂ ಸಿಗದು. ಮೊಟ್ಟೆಯನ್ನೂ ಬಿಟ್ಟವರು ದೋಣಿಯ ಗ್ಯಾಸ್ ಒಲೆಯನ್ನೇ ನೆಚ್ಚಿಕೊಳ್ಳಬೇಕು. ಸಾರಿನ ಪುಡಿ, ಚಟ್ನಿಪುಡಿ, ಬೇಳೆ, ಒಂದು ಚಿಕ್ಕ ಕುಕ್ಕರ್ ಒಯ್ಯಿರಿ. ತುಪ್ಪ, ಪೇಡಗಳನ್ನು ಒಯ್ಯುವಂತಿಲ್ಲ: ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದಕ್ಕೆ ನಿಷೇಧವಿದೆ. ಹಸಿ ಕರಿಬೇವನ್ನೂ ಮನೆಯಲ್ಲಿಯೇ ಬಿಡಿ. ಬೆಣ್ಣೆ ಅಲ್ಲಿಯೇ ಕೊಂಡು ಕಾಯಿಸಿದರೆ ಘಮಘಮಿಸುವ ತುಪ್ಪವಾಗುತ್ತದೆ. ಕಾರ್ಕಸೋನ್‌ನ ಕಾರ್ನೊ ಚೌಕದಲ್ಲಿ ಮಂಗಳವಾರ, ಗುರುವಾರ, ಶನಿವಾರ ತರಕಾರಿ ಸಂತೆ ನಡೆಯುತ್ತದೆ. ಶನಿವಾರ ದೋಣಿ ಪಡೆಯುವವರು ಬೆಳಿಗ್ಗೆ ಅಲ್ಲಿಗೆ ಹೋಗಿ ಬರಬಹುದು. ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಹಳ್ಳಿಗಳಲ್ಲಿ ಎಷ್ಟೋ ಅಂಗಡಿಗಳು ತೆರೆಯುವುದಿಲ್ಲ. ಕುಡಿಯುವ ನೀರಿನ ತೊಟ್ಟಿಯನ್ನು ಎರಡು ದಿನಗಳಿಗೊಮ್ಮೆ ಊರಿನ ಕಟ್ಟೆಯಲ್ಲಿ ತುಂಬಿಸಿಕೊಳ್ಳಿ.

ರಾತ್ರಿ ತಂಗುವುದು

ಲಾಕ್ ಮತ್ತು ಸೇತುವೆಗಳ ಆಸುಪಾಸು, ತಿರುವುಗಳು ಹಾಗೂ ನಿಷೇಧದ ಫಲಕವಿರುವ ಜಾಗಗಳನ್ನು ಬಿಟ್ಟು, ಬಯಲಿನ ದಡದಲ್ಲಿ ಎಲ್ಲಿ ಬೇಕಾದರೂ ಗೂಟ ಹೊಡೆದು ದೋಣಿಯನ್ನು ಕಟ್ಟಬಹುದು. ಮರಗಳಿಗೆ ಮಾತ್ರ ಕಟ್ಟಬಾರದು. ಈ ನಾಲೆಗೆ ನೆರಳು ಕೊಟ್ಟಿದ್ದ ಸುಮಾರು 42,000 ಪ್ಲೇನ್ ಮರಗಳ ನಡುವೆ ಶಿಲೀಂಧ್ರ ರೋಗವೊಂದು ಕಾಣಿಸಿಕೊಂಡಿರುವುದು 2006ರಲ್ಲಿ ಪತ್ತೆಯಾಯಿತು. ಮದ್ದಿಲ್ಲದ ಈ ರೋಗ ತೊಗಟೆಯ ಗಾಯಗಳ ಮೂಲಕ ಒಳಹೊಕ್ಕು ಬೇರಿನಿಂದ ಬೇರಿಗೆ ಹರಡುತ್ತದೆ. ದೋಣಿಯ ಹಗ್ಗ ತೊಗಟೆಯನ್ನು ಉಜ್ಜುವುದೂ ಗಾಯವೇ. ಸಾವಿರಾರು ಮರಗಳನ್ನು ಕಡಿದು ಸುಟ್ಟು ಬೇರೆ ಜಾತಿಯ ಸಸಿಗಳನ್ನು ನೆಟ್ಟಿದ್ದಾರೆ. ಆದ್ದರಿಂದ ಚಿತ್ರಗಳಲ್ಲಿ ಕಾಣುವ ಹಸಿರು ಚಪ್ಪರ ದಾರಿಯುದ್ದಕ್ಕೂ ಸಿಗುವುದಿಲ್ಲ. ಎಷ್ಟೋ ಕಡೆ ಬೋಳು ದಡ, ಎಳೆಯ ಗಿಡ, ನೆತ್ತಿ ಸುಡುವ ಬಿಸಿಲು. ಟೋಪಿ ಮರೆಯಬೇಡಿ.

ಅರ್ಜಾನ್ಸ್‌ನಿಂದ ಮುಂದೆ

ಲಾಕ್‌ಗಳಿಲ್ಲದ ಈ ಭಾಗದಲ್ಲಿ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಗಬೇಡಿ. ಪರಾಜಾ ಬಳಿ ನಾಲೆಯು ಕೆಳಗಿನ ಹೊಳೆಯೊಂದನ್ನು ಸೇತುವೆಯ ಮೇಲೆ ದಾಟುತ್ತದೆ. ನೀರಿನ ಮೇಲೆ ನೀರು ಹರಿಯುವ ಈ ಕಟ್ಟಡ 1676ರದು. ಲ ಸೊಮಾಯ್ ಎಂಬ ಪುಟ್ಟ ಊರಿನಲ್ಲಿ ಡುಬ್ಬದಂತಹ ಕಲ್ಲಿನ ಸೇತುವೆ, ಹಳೆಯ ಪುಸ್ತಕಗಳ ಒಂದು ದೊಡ್ಡ ಅಂಗಡಿ ಇವೆ. ಕಾಪೆಸ್ತಾಂಗ್‌ನ ಸೇತುವೆ ಬಲು ತಗ್ಗು: ಛತ್ರಿ, ಸೈಕಲ್, ಕುರ್ಚಿ, ತಲೆ ಎಲ್ಲವನ್ನೂ ಕೆಳಗಿಳಿಸಿ, ಕಮಾನಿನ ಸರಿಯಾದ ಮಧ್ಯದಲ್ಲಿಯೇ ಸಾಗಿ.

ಮಾಲ್ಪಾ ಸುರಂಗದ ಬಳಿ ಒಂದು ಅರ್ಧ ದಿನ ಕಟ್ಟಿ ನಿಲ್ಲಿಸುವುದು ಲೇಸು. 1679ರಲ್ಲಿ ಕೊರೆದ, ಇನ್ನೂರು ಮೀಟರಿಗೂ ಚಿಕ್ಕದಾದ ಈ ಸುರಂಗದ ಕೆಳಗೆ ಅದೇ ಗುಡ್ಡದಲ್ಲಿ ರೈಲಿನ ಸುರಂಗವೊಂದಿದೆ, ಅದಕ್ಕೂ ಕೆಳಗೆ ಹದಿಮೂರನೆಯ ಶತಮಾನದಲ್ಲಿ ಮೊಂತಾದಿ ಎಂಬ ಜೌಗು ಕೆರೆಯನ್ನು ಬರಿದು ಮಾಡಲು ಕೊರೆದ ಕಾಲುವೆಯಿದೆ. ಮೇಲಿನ ಆಂಸೆರೂನ್ ಗುಡ್ಡವನ್ನು ಹತ್ತಿ ನೋಡಿದರೆ ಆ ಬತ್ತಿದ ಕೆರೆಯ ಹೊಲಗಳು ಗಾಡಿಯ ಚಕ್ರದ ಅರೆಕಾಲುಗಳಂತೆ ನಡುವಿನಿಂದ ಸುತ್ತಲೂ ಹರಡಿರುವುದು ಕಾಣುತ್ತದೆ.

ಬೆಜಿಯೆಯ ಹೊರಗೆ ಫೋನ್ಸೆರಾನ್ ಲಾಕ್ ಸಾಲು ಬರುತ್ತದೆ. ಎಂಟು ಕೊಠಡಿ, ಒಂಬತ್ತು ಬಾಗಿಲುಗಳ ಈ ನೀರಿನ ಮೆಟ್ಟಿಲುಗಳು 21 ಮೀಟರಿಗೂ ಹೆಚ್ಚಿನ ಇಳಿಜಾರನ್ನು ದಾಟಿಸುತ್ತವೆ. ಇಳಿಯುವ ದೋಣಿಗಳಿಗೂ ಏರುವ ದೋಣಿಗಳಿಗೂ ಬೇರೆ ಬೇರೆ ಸಮಯ ನಿಗದಿಯಾಗಿರುವುದರಿಂದ, ಹಿಂದಿನ ದಿನವೇ ವೇಳೆಯನ್ನು ವಿಚಾರಿಸಿ ಅರ್ಧ ಗಂಟೆ ಮೊದಲೇ ಸಾಲಿನಲ್ಲಿರಿ. ಸುತ್ತಲೂ ಪ್ರವಾಸಿಗರು ನೆರೆದು ನಿಮ್ಮ ಹಗ್ಗದ ಕೆಲಸವನ್ನು ಚಿತ್ರ ತೆಗೆಯುತ್ತಿರುತ್ತಾರೆ. ಅಷ್ಟು ಹೊತ್ತಿಗೆ ನಿಮಗೂ ಅಭ್ಯಾಸವಾಗಿರುತ್ತದೆ.

ದೋಣಿಯನ್ನು ಮರಳಿಸುವುದು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರೊಳಗೆ. ಹಿಂದಿನ ಸಂಜೆಯೇ ಆ ಊರನ್ನು ತಲುಪಿ, ಎಂಜಿನ್ನಿನ ಗಂಟೆಗಳನ್ನು ಬರೆದುಕೊಂಡು, ಸಾಮಾನಿನ ಪಟ್ಟಿಯನ್ನು ಇನ್ನೊಮ್ಮೆ ಎಣಿಸಿ. ನಮ್ಮ ಪಟ್ಟಿಯಲ್ಲಿ ಗೂಟಗಳು ಎರಡಿದ್ದವು, ಕೈಯಲ್ಲಿದ್ದದ್ದು ಒಂದು. ಇನ್ನೊಂದು ಲ ಸೊಮಾಯ್‌ನ ದಡದಲ್ಲಿಯೇ ಉಳಿದಿರಬೇಕು. ಅದರ ಬೆಲೆಯನ್ನು ಠೇವಣಿಯಿಂದ ಹಿಡಿದುಕೊಂಡರು.