ಅಲುಗಾಡುವ ಹಲ್ಲಿಗೆ ಗಾಜಿನ ನಾರಿನ ಕಟ್ಟು: ಹೇಗೆ ಹಾಕುತ್ತಾರೆ?

ಬದಿಯಡ್ಕದ ನಮ್ಮ ದೊಡ್ಡಮ್ಮನ ಕೆಳಗಿನ ಮುಂದಿನ ಹಲ್ಲುಗಳು ನಾಲಗೆ ತಾಗಿದರೂ ಅಲ್ಲಾಡುತ್ತಿದ್ದವು. "ಕಿತ್ತು ಬಿಡ್ಲಿ ಮಗಾ, ಸೆಟ್ಟು ಹಾಕಿಸಿದ್ರಾಯ್ತು" ಎಂದಿದ್ದರು. ಕೀಳಬೇಕಾಗಲಿಲ್ಲ. ಕಾಸರಗೋಡಿನ ಒಂದು ಕ್ಲಿನಿಕ್ಕಿನಲ್ಲಿ ಆರು ಹಲ್ಲುಗಳನ್ನು ಒಟ್ಟಿಗೆ ಕಟ್ಟಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಈ ಕಟ್ಟಿನಲ್ಲಿ ನಾರನ್ನು ಹಲ್ಲಿಗೆ ಹಿಡಿಸುವುದು ಕಾಂಪೊಸಿಟ್, ಅಂದರೆ ಹುಳುಕು ಹಲ್ಲು ತುಂಬಲು ಬಳಸುವ ಹಲ್ಲಿನ ಬಣ್ಣದ ರಾಳ. ಅದು ಗಟ್ಟಿ, ಆದರೆ ತೆಳ್ಳಗೆ ಹಚ್ಚಿ ಎಳೆದರೆ ಬಿರಿಯುತ್ತದೆ. ಒಳಗೆ ನಾರು ಇದ್ದರೆ ಎಳೆತವನ್ನು ನಾರು ತಡೆಯುತ್ತದೆ. ಹಿಂದೆ ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ಮೆಟ್ಟುತ್ತಿದ್ದರಲ್ವಾ, ಅದೇ ಲೆಕ್ಕ. ಇಲ್ಲಿ ಬಳಸುವುದು ಗಾಜಿನ ನಾರು ಇಲ್ಲವೇ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ನಾರು.

ಮೊದಲು ಎಕ್ಸ್‌ರೇ, ಆಮೇಲೆ ಕ್ಲೀನಿಂಗ್. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ" ಎಂದು ನಮ್ಮಲ್ಲಿ ತುಂಬಾ ಜನ ಹೆದರುತ್ತಾರೆ. ದಯವಿಟ್ಟು ನಂಬಬೇಡಿ. ಸಡಿಲ ಮಾಡುವುದು ವಸಡಿನ ಕೆಳಗೆ ಗಟ್ಟಿಕಟ್ಟಿದ ಕೊಳೆ ಮತ್ತು ಅದರಿಂದ ಸವೆದ ಎಲುಬು. ಅದನ್ನು ತೆಗೆಯದೆ ಸುಮ್ನೆ ಕಟ್ಟು ಹಾಕಿದರೆ ಒಳಗೆ ರೋಗ ಬೆಳೆಯುತ್ತಲೇ ಇರುತ್ತದೆ. ಎಲುಬು ತೀರಾ ಕಡಿಮೆ ಉಳಿದಿದ್ದರೆ ಕಟ್ಟಿಯೂ ಜಾಸ್ತಿ ಪ್ರಯೋಜನವಿಲ್ಲ.

ವಸಡು ಸುಧಾರಿಸಿದ ಮೇಲೆ ಕೋರೆಹಲ್ಲಿನಿಂದ ಕೋರೆಹಲ್ಲಿಗೆ ತೆಳು ಹಾಳೆಯ ಪಟ್ಟಿ ಒತ್ತಿ ಅಳತೆ ತೆಗೆದರು. ಅಷ್ಟೇ ಉದ್ದಕ್ಕೆ ನಾರು ಕತ್ತರಿಸಿದರು. ಹಲ್ಲುಗಳ ಹಿಂಬದಿಗೆ 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, ಅರ್ಧ ನಿಮಿಷದೊಳಗೆ ತೊಳೆದು ಒಣಗಿಸಿದರು. ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು. ಇದೇ ನಾಜೂಕಿನ ಹಂತ. ಇಲ್ಲಿ ಒಂದು ಹನಿ ಎಂಜಲು ತಾಗಿದರೂ ಅಂಟು ಹಿಡಿಯುವುದಿಲ್ಲ. ಹತ್ತಿ ಬದಲಿಸುತ್ತಾ, ಎಂಜಲು ಎಳೆಯುವ ನಳಿಗೆ ಇಟ್ಟುಕೊಂಡೇ ಇದ್ದರು.

ಅಂಟು ಹಚ್ಚಿ, ಅದು ಗಟ್ಟಿಯಾಗಲು ನೀಲಿ ಬೆಳಕು ಹಿಡಿದರು. ಮೇಲೆ ಮೆತ್ತನೆಯ ಕಾಂಪೊಸಿಟ್, ಅದರೊಳಗೆ ನಾರನ್ನು ಒತ್ತಿ ಒಂದೊಂದು ಹಲ್ಲಿಗೂ ಸುಮಾರು 20 ಸೆಕೆಂಡು ಮತ್ತೆ ಬೆಳಕು. ಕೊನೆಗೆ ನಾರು ಎಲ್ಲೂ ಹೊರಗೆ ಕಾಣದಂತೆ ಇನ್ನೊಂದು ಪದರ. ವಸಡಿನ ಹತ್ತಿರದ ಸಂದುಗಳನ್ನು ಮುಚ್ಚಲಿಲ್ಲ, ಬ್ರಷ್ ಹೋಗಬೇಕಲ್ಲ! ಬಣ್ಣದ ಕಾಗದ ಕಚ್ಚಿಸಿ, ಎತ್ತರವಿದ್ದಲ್ಲಿ ಉಜ್ಜಿ ನಯ ಮಾಡಿದರು.

ಮನೆಗೆ ಬಂದ ಮೇಲೆ ದಿನಾ ಸಂದು ಬ್ರಷ್ಷಿನಿಂದ ತಿಕ್ಕಬೇಕು. ಅಡಿಕೆ, ಕಬ್ಬು ಮುಂದಿನ ಹಲ್ಲಿನಲ್ಲಿ ಕಚ್ಚಬಾರದು. ದೊಡ್ಡಮ್ಮ ಈಗ ಹಲಸಿನ ಹಪ್ಪಳವನ್ನೂ ಕೈಯಲ್ಲೇ ಮುರಿದು ದವಡೆಗೆ ಹಾಕಿಕೊಳ್ಳುತ್ತಾರೆ. ಒಂದು ಹಲ್ಲು ಅಂಟು ಬಿಟ್ಟರೂ ಉಳಿದವು ಹಿಡಿದಿರುವುದರಿಂದ ಗೊತ್ತೇ ಆಗದಿರಬಹುದು, ಆ ಸಂದಿನಲ್ಲಿ ಹುಳುಕು ಶುರುವಾಗಬಹುದು. ಹಾಗಾಗಿ ನೋವಿಲ್ಲದಿದ್ದರೂ ಡಾಕ್ಟರ್ ಹೇಳಿದ ದಿನಕ್ಕೆ ತೋರಿಸಿ ಬನ್ನಿ. ಬಿಟ್ಟ ಜಾಗಕ್ಕೆ ಮಾತ್ರ ಮತ್ತೆ ಕಾಂಪೊಸಿಟ್ ಹಚ್ಚಿದರೆ ಸಾಕಾಗುವುದೂ ಉಂಟು.