ಒಂದೇ ಚುಕ್ಕಿ ಎಂದುಕೊಂಡಿದ್ದೆ

ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಿಗೆ ಬಾಹ್ಯಾಕಾಶ ದೂರದರ್ಶಕವನ್ನು ಯಾರು ಕೊಡುತ್ತಾರೆ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಯಾರೂ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಬೇರೆಯವರು ಅರ್ಜಿ ಹಾಕಿ, ಸಮಯ ಪಡೆದು, ನೋಡಿ ಮುಗಿಸಿದ ಮೇಲೆ ಭಾರತದ ಖಗೋಳ ವೀಕ್ಷಣಾ ಉಪಗ್ರಹವಾದ ಆಸ್ಟ್ರೋಸ್ಯಾಟ್‌ನ ದತ್ತಾಂಶ ಸಾರ್ವಜನಿಕವಾಗುತ್ತದೆ. ಬೆಂಗಳೂರಿನಾಚೆ ಬ್ಯಾಲಾಳಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರದಲ್ಲಿ ಹೆಸರು ನೋಂದಾಯಿಸಿದರೆ ಮನೆಯಲ್ಲಿಯೇ ಕುಳಿತು ಇಳಿಸಿಕೊಳ್ಳಬಹುದು. ಮದುವೆಮನೆಯ ಎರಡನೇ ಪಂಕ್ತಿ ಇದು. ಬಡಿಸುವುದು ಅದೇ ಅಡುಗೆಯನ್ನು, ಅವಸರ ಮಾತ್ರ ಇರುವುದಿಲ್ಲ.

ನಾನು ಆರಿಸಿಕೊಂಡದ್ದು ತಿಮಿಂಗಿಲ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಡಬ್ಲ್ಯೂಎಲ್ಎಂ ಎಂಬ ಪುಟ್ಟ ಗೆಲಾಕ್ಸಿಯನ್ನು. 1909ರಲ್ಲಿ ಖಗೋಳವಿಜ್ಞಾನಿ ಮ್ಯಾಕ್ಸ್ ವುಲ್ಫ್ ಅದನ್ನು ಕಂಡರು. 1926ರಲ್ಲಿ ಲುಂಡ್‌ಮಾರ್ಕ್ ಮತ್ತು ಮೆಲೋಟ್ ಅದು ಗೆಲಾಕ್ಸಿಯೆಂದು ಗುರುತಿಸಿದರು. ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ದೂರ 30 ಲಕ್ಷ ಜ್ಯೋತಿರ್ವರ್ಷಕ್ಕೂ ಸ್ವಲ್ಪ ಹೆಚ್ಚು. ನಾನು ಇದಕ್ಕೆ ಅಂಟಿಕೊಳ್ಳಲು ಕಾರಣ ಅದರ ಒಂಟಿತನ. ಹತ್ತಿರದಲ್ಲಿ ದೊಡ್ಡ ಗೆಲಾಕ್ಸಿಗಳಿಲ್ಲ, ಯಾರೂ ಅದನ್ನು ಎಳೆದಾಡಿಲ್ಲ. ಹೀಲಿಯಂಗಿಂತ ಭಾರವಾದ ಧಾತುಗಳು ಅಲ್ಲಿ ಸೂರ್ಯನಲ್ಲಿರುವುದರ ಸುಮಾರು ಎಂಟನೇ ಒಂದು ಪಾಲು ಮಾತ್ರ. ವಿಶ್ವ ಎಳೆಯದಾಗಿದ್ದಾಗ ದೈತ್ಯ ನಕ್ಷತ್ರಗಳು ಹುಟ್ಟಿದ್ದು ಇಂಥದೇ ಬಡ ಅನಿಲದಲ್ಲಿ.

ದೈತ್ಯ ಎಂದರೆ ಸೂರ್ಯನ ಇಪ್ಪತ್ತು ಪಟ್ಟು, ಐವತ್ತು ಪಟ್ಟು ತೂಗುವವು. ಮೇಲ್ಮೈಯ ಶಾಖ 30,000ದಿಂದ 50,000 ಕೆಲ್ವಿನ್. ಸೂರ್ಯ ಸಾವಿರ ಕೋಟಿ ವರ್ಷ ಬಾಳಿದರೆ ಇವು ಒಂದು ಕೋಟಿ ವರ್ಷದೊಳಗೆ ಉರಿದು ಮುಗಿಯುತ್ತವೆ. ಇವುಗಳ ಬೆಳಕಿನ ಬಹುಪಾಲು ಹೊಮ್ಮುವುದು ಅತಿನೇರಳೆಯಲ್ಲಿ. ಆ ಬೆಳಕನ್ನು ನಮ್ಮ ವಾತಾವರಣ, ಮುಖ್ಯವಾಗಿ ಓಝೋನ್, ನೆಲಕ್ಕೆ ಬಿಡುವುದಿಲ್ಲ. ಚರ್ಮಕ್ಕೆ ಒಳ್ಳೆಯದು, ಖಗೋಳವಿಜ್ಞಾನಿಗೆ ಕೇಡು. ಹಾಗಾಗಿಯೇ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ಅವಳಿ ದೂರದರ್ಶಕವಿದೆ. ಅದನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಕನ್ನಡಿಯ ವ್ಯಾಸ ಬರೀ 38 ಸೆಂಟಿಮೀಟರ್. ಆದರೆ ಒಂದೇ ನೋಟಕ್ಕೆ 28 ಕೋನ ನಿಮಿಷ ಅಗಲದ ಆಕಾಶ, ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಜಾಗ, ಅದಕ್ಕೆ ಕಾಣುತ್ತದೆ. ಡಬ್ಲ್ಯೂಎಲ್ಎಂ ಅದರೊಳಗೆ ಆರಾಮವಾಗಿ ಕೂರುತ್ತದೆ.

ಇಳಿಸಿಕೊಂಡ ಕಡತದಲ್ಲಿ ಚಿತ್ರವಿರುತ್ತದೆ ಎಂದು ತೆರೆದರೆ ಅಲ್ಲಿದ್ದುದು ಬೆಳಕಿನ ಕಣಗಳಾದ ಫೋಟಾನ್‌ಗಳ ಜಮಾಖರ್ಚು. ಶೋಧಕ ಸೆಕೆಂಡಿಗೆ ಸುಮಾರು 29 ಚೌಕಟ್ಟು ತೆಗೆಯುತ್ತದೆ. ಪ್ರತಿ ಚೌಕಟ್ಟಿನಲ್ಲಿ ಎಲ್ಲೆಲ್ಲಿ ಫೋಟಾನ್ ಬಿತ್ತು ಎಂಬುದಷ್ಟೇ ದಾಖಲೆ. ಲಕ್ಷಗಟ್ಟಲೆ ಸಾಲುಗಳು. ಅವುಗಳಿಂದ ಚಿತ್ರವನ್ನು ನಾವೇ ಕಟ್ಟಬೇಕು. ಮೊದಲ ಸಲ ನಾನು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿಬಿಟ್ಟೆ. ಬಂದದ್ದು ಮಳೆಗೆ ಸಿಕ್ಕ ಚುಕ್ಕಿ ರಂಗೋಲಿ, ಪ್ರತಿ ನಕ್ಷತ್ರಕ್ಕೂ ಒಂದೊಂದು ಬಾಲ. ಉಪಗ್ರಹ ಎಷ್ಟೇ ನೆಟ್ಟಗೆ ನಿಂತರೂ ನಿಧಾನವಾಗಿ ತೂಗಾಡುತ್ತಿರುತ್ತದೆ. ಅದಕ್ಕಾಗಿಯೇ ಯುವಿಐಟಿಯ ಮೂರನೆಯ ವಾಹಿನಿ ಗೋಚರ ಬೆಳಕಿನಲ್ಲಿ ಅದೇ ಆಕಾಶವನ್ನು ನೋಡುತ್ತಿರುತ್ತದೆ. ಅದರಲ್ಲಿ ನಕ್ಷತ್ರಗಳು ಯಾವ ಕ್ಷಣ ಎತ್ತ ಸರಿದವೆಂದು ಅಳೆದು, ಪ್ರತಿ ಫೋಟಾನನ್ನೂ ಅಷ್ಟೇ ಹಿಂದಕ್ಕೆ ತಳ್ಳಬೇಕು. ಈ ಕೆಲಸಕ್ಕೆ ಸಿದ್ಧ ತಂತ್ರಾಂಶವಿದೆ. ಕೈಪಿಡಿಯನ್ನು ಓದದೆ ಎರಡು ವಾರ ಕಳೆದದ್ದು ನನ್ನದೇ ದಡ್ಡತನ.

ತೂಗಾಟ ತಿದ್ದಿದ ಮೇಲೆ ಬಂದ ಚಿತ್ರವನ್ನು ಮರೆಯಲಾರೆ. ಗೋಚರ ಬೆಳಕಿನ ಚಿತ್ರಗಳಲ್ಲಿ ಡಬ್ಲ್ಯೂಎಲ್ಎಂ ಒಂದು ಮಂಕು ಮೋಡದ ಹಾಗಿದೆ. ಇಲ್ಲಿ ಆ ಮುದಿ ಕೆಂಪು ನಕ್ಷತ್ರಗಳೆಲ್ಲ ಮಾಯ. ಕಪ್ಪು ಹಿನ್ನೆಲೆಯಲ್ಲಿ ಎಳೆಯ ನಕ್ಷತ್ರಗಳು ಮಾತ್ರ ಗುಂಪುಗುಂಪಾಗಿ, ರಾತ್ರಿ ಗುಡ್ಡದ ಮೇಲಿಂದ ಕಾಣುವ ಹಳ್ಳಿಗಳಂತೆ, ಹರಡಿಕೊಂಡಿದ್ದವು.

ಇನ್ನು ಎಣಿಕೆ. 148 ನ್ಯಾನೋಮೀಟರ್ ತರಂಗಾಂತರದ ಸುತ್ತಲಿನ ಫಿಲ್ಟರ್ ಒಂದು (ಗೋಚರ ಬೆಳಕಿನಿಂದ ದೂರದ ‘ದೂರ ಅತಿನೇರಳೆ’), 245 ಮತ್ತು 263ರವು ಎರಡು (ಅದಕ್ಕೆ ಹತ್ತಿರದ ‘ಸಮೀಪ ಅತಿನೇರಳೆ’). ಸಮೀಪ ಅತಿನೇರಳೆ ವಾಹಿನಿ 2018ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು. ಅದಕ್ಕೂ ಮುಂಚೆ ತೆಗೆದ ದತ್ತಾಂಶವಿದ್ದದ್ದು ನನ್ನ ಪುಣ್ಯ. ಒತ್ತೊತ್ತಾಗಿರುವ ನಕ್ಷತ್ರಗಳ ಬೆಳಕನ್ನು ಬೇರ್ಪಡಿಸಲು ಕೆನಡಾದ ಪೀಟರ್ ಸ್ಟೆಟ್ಸನ್ 1987ರಲ್ಲಿ ಪ್ರಕಟಿಸಿದ ಡಿಎಒಫಾಟ್ ಕ್ರಮವನ್ನೇ ಹಿಡಿದೆ. ನಕ್ಷತ್ರದ ಬೆಳಕು ಶೋಧಕದ ಮೇಲೆ ಹರಡುವ ಅಚ್ಚನ್ನು ಕಲಿತು, ಆ ಅಚ್ಚನ್ನು ಪ್ರತಿ ಚುಕ್ಕಿಗೂ ಹೊಂದಿಸುವ ವಿಧಾನ ಅದು. ಅತಿ ಪ್ರಕಾಶದ ಚುಕ್ಕಿಗಳಲ್ಲಿ ಒಂದೇ ಚೌಕಟ್ಟಿನಲ್ಲಿ ಎರಡು ಫೋಟಾನ್ ಬಿದ್ದರೆ ಶೋಧಕ ಒಂದೆಂದೇ ಎಣಿಸುತ್ತದೆ, ಅದಕ್ಕೊಂದು ತಿದ್ದುಪಡಿ ಬೇಕು. ಧೂಳಿಗೆ ಇನ್ನೊಂದು. ಆಕಾಶಗಂಗೆಯ ಧೂಳು ಆ ದಿಕ್ಕಿನಲ್ಲಿ ಬಹಳ ತೆಳು. ಆದರೂ ದೂರ ಅತಿನೇರಳೆಯಲ್ಲಿ 0.3 ಕಾಂತಿಮಾನದಷ್ಟು (ಖಗೋಳವಿಜ್ಞಾನಿಗಳು ಬೆಳಕನ್ನು ಅಳೆಯುವ ಮಾನ) ನುಂಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಪ್ರತಿ ನಕ್ಷತ್ರವೂ ಸುಮಾರು ಮೂರನೇ ಒಂದರಷ್ಟು ಹೆಚ್ಚು ಬೆಳಗುತ್ತದೆ. ಮುನ್ನೆಲೆಯಲ್ಲಿ ನುಸುಳಿರಬಹುದಾದ ಶ್ವೇತಕುಬ್ಜಗಳನ್ನು, ಎಂದರೆ ಸತ್ತ ನಕ್ಷತ್ರಗಳ ಬಿಸಿ ಪಳೆಯುಳಿಕೆಗಳನ್ನು, ಗಯಾ ಉಪಗ್ರಹದ ಪಟ್ಟಿಯಲ್ಲಿ ಅವುಗಳ ಚಲನೆ ನೋಡಿ ಹೊರಹಾಕಿದೆ. ಕೊನೆಗೆ ಕಾಂತಿಯನ್ನು ಮಾದರಿಗಳೊಂದಿಗೆ ಹೋಲಿಸಿ, ಪ್ರತಿ ಚುಕ್ಕಿಯ ಎದುರು ಒಂದು ತೂಕ ಬರೆದೆ.

ಪಟ್ಟಿಯ ತಲೆಯಲ್ಲಿದ್ದವು ಎಲ್ಲವೂ ಮಹಾದೈತ್ಯರು. ಹಿಗ್ಗಿದೆ. ಒಂದು ವಾರ ತರಗತಿಯಲ್ಲಿ ಪಾಠಕ್ಕಿಂತ ಅವರ ಸುದ್ದಿಯೇ ಹೆಚ್ಚಾಗಿತ್ತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಇದು ಕೋನ ಸೆಕೆಂಡಿನ (ಒಂದು ಡಿಗ್ರಿಯ 3,600ನೇ ಒಂದು ಪಾಲಿನ) ಲೆಕ್ಕ ಎಂದು ಹೊಳೆದಿರಲಿಲ್ಲ. ಯುವಿಐಟಿಯ ನೋಟದ ಸೂಕ್ಷ್ಮತೆ ಸುಮಾರು 1.4 ಕೋನ ಸೆಕೆಂಡ್. ಅತಿನೇರಳೆಯಲ್ಲಿ ಆಕಾಶ ನೋಡಿದ ಹಿಂದಿನ ಗ್ಯಾಲೆಕ್ಸ್ ಉಪಗ್ರಹಕ್ಕಿಂತ ಮೂರು ಪಟ್ಟು ಚುರುಕು, ಅದರಲ್ಲಿ ಅನುಮಾನವಿಲ್ಲ. ಆದರೆ ಡಬ್ಲ್ಯೂಎಲ್ಎಂ ಇರುವ ದೂರದಲ್ಲಿ 1.4 ಕೋನ ಸೆಕೆಂಡ್ ಎಂದರೆ 22 ಜ್ಯೋತಿರ್ವರ್ಷ. ಸೂರ್ಯನಿಂದ ಅತ್ಯಂತ ಹತ್ತಿರದ ನಕ್ಷತ್ರ ನಾಲ್ಕೂಕಾಲು ಜ್ಯೋತಿರ್ವರ್ಷ ದೂರದಲ್ಲಿದೆ. ಹಾಗಾದರೆ ಒಂದು ಚುಕ್ಕಿಯೊಳಗೆ ಒಂದು ಇಡೀ ತಾರಾಗುಚ್ಛ ಅಡಗಿ ಕೂರಬಹುದು. ಸೂರ್ಯನ 60 ಪಟ್ಟು ತೂಕದ ಒಂದು ನಕ್ಷತ್ರ ಸುಮಾರು ಐದು ಲಕ್ಷ ಸೂರ್ಯರಷ್ಟು ಬೆಳಗುತ್ತದೆ, 20 ಪಟ್ಟು ತೂಕದ್ದು ನಲವತ್ತೈವತ್ತು ಸಾವಿರದಷ್ಟು. ಹತ್ತು ಹನ್ನೆರಡು ಸಾಧಾರಣ ದೈತ್ಯರು ಒಟ್ಟಿಗೆ ನಿಂತರೆ ಒಬ್ಬ ಮಹಾದೈತ್ಯನ ವೇಷ ಸಿದ್ಧ. ಇಷ್ಟೂ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಇನ್ನೂ ಚುರುಕು ನೋಟದ ಬಾಹ್ಯಾಕಾಶ ದೂರದರ್ಶಕ ಹಬಲ್‌ನ ಪಟ್ಟಿಯೊಂದಿಗೆ ತಾಳೆ ನೋಡಿದ್ದೆ.

ತಪ್ಪಿದ್ದು ಅಲ್ಲಿಯೇ. ನನ್ನ ಪ್ರತಿ ಚುಕ್ಕಿಗೂ ಹಬಲ್ ಪಟ್ಟಿಯಿಂದ ಅತಿ ಹತ್ತಿರದ ಒಂದು ನಕ್ಷತ್ರವನ್ನು ಹುಡುಕಿ ಕೊಡು ಎಂದು ಪ್ರೋಗ್ರಾಮ್ ಬರೆದಿದ್ದೆ. ಒಂದನ್ನು ಕೇಳಿದವನಿಗೆ ಅದು ಒಂದನ್ನು ಕೊಟ್ಟಿತು. ಎಲ್ಲ ಚುಕ್ಕಿಗಳಿಗೂ ಜೋಡಿ ಸಿಕ್ಕಿತೆಂದು ನಾನು ನಿಶ್ಚಿಂತನಾದೆ.

ಒಂದು ಭಾನುವಾರ, ಕೋಷ್ಟಕದ ಅಂಕಿಗಳು ಬೇಸರವಾಗಿ, ಹಬಲ್‌ನ ಚಿತ್ರವನ್ನೇ ತೆರೆದು ಅದರ ಮೇಲೆ ನನ್ನ ಚುಕ್ಕಿಗಳ ವೃತ್ತಗಳನ್ನು ಬರೆದೆ. ಪಟ್ಟಿಯ ಮೊದಲನೆಯವನ ವೃತ್ತದೊಳಗೆ ಹತ್ತಾರು ನೀಲಿ ಕಾಳುಗಳು, ಮುಷ್ಟಿಯಿಂದ ಚೆಲ್ಲಿದ ಹಾಗೆ. ಎರಡನೆಯದರಲ್ಲೂ ಹಾಗೆಯೇ. ಮೊದಲ ಪುಟದ ಮಹಾದೈತ್ಯರಲ್ಲಿ ಬಹುತೇಕರು ಹೀಗೆ ಕರಗಿ ಹೋದರು. ಹಬಲ್‌ಗೆ ಆ ದೂರದಲ್ಲಿ ಒಂದೂವರೆ ಜ್ಯೋತಿರ್ವರ್ಷದ ಅಂತರವೂ ಬೇರೆಯಾಗಿ ಕಾಣುತ್ತದೆ.

ಸಮಾಧಾನಕ್ಕೆ ಒಂದು ಹಳೆಯ ಕಥೆ ನೆನಪಾಯಿತು. ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿರುವ ಆರ್136 ಎಂಬ ಚುಕ್ಕಿಯನ್ನು 1980ರ ದಶಕದ ಆರಂಭದಲ್ಲಿ ಸೂರ್ಯನ ಸಾವಿರ ಪಟ್ಟಿಗೂ ಮೀರಿದ ತೂಕದ ಒಂದೇ ನಕ್ಷತ್ರವಿರಬಹುದೆಂದು ಗಂಭೀರವಾಗಿ ವಾದಿಸಲಾಗಿತ್ತು. 1985ರಲ್ಲಿ ಅದರ ನಟ್ಟನಡುವಿನ ಬಿಂದುವೇ ಹಲವು ನಕ್ಷತ್ರಗಳಾಗಿ ಒಡೆಯಿತು. ಘಟಾನುಘಟಿಗಳೇ ಬಿದ್ದ ಗುಂಡಿ ಅದು. ನಾನು ಬಿದ್ದದ್ದರಲ್ಲಿ ಅವಮಾನವಿಲ್ಲ ಎಂದು ಹೇಳಿಕೊಂಡೆ. ಪೂರ್ತಿ ನಂಬಿಕೆಯಾಗಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಹಬಲ್‌ನ ಚಿತ್ರಗಳಿರಲಿಲ್ಲ.

ಆಮೇಲೆ ಕ್ರಮವನ್ನು ತಿರುವಿ ಹಾಕಿದೆ. ಈಗ ಪ್ರತಿ ವೃತ್ತದೊಳಗಿನ ಹಬಲ್‌ನ ಎಲ್ಲ ನೀಲಿ ನಕ್ಷತ್ರಗಳ ಬೆಳಕನ್ನೂ ಕೂಡುತ್ತೇನೆ. ಒಟ್ಟು ಬೆಳಕಿನ ಐದರಲ್ಲಿ ನಾಲ್ಕು ಪಾಲು ಒಂದರಿಂದಲೇ ಬರುತ್ತಿದ್ದರೆ ಮಾತ್ರ ಅದು ‘ಒಂಟಿ’. ಉಳಿದವು ‘ಗುಂಪು’. ಹಬಲ್ ಈ ಗೆಲಾಕ್ಸಿಯನ್ನು ತುಣುಕು ತುಣುಕಾಗಿ ನೋಡಿದೆ. ಆ ತುಣುಕುಗಳ ಆಚೆ ಬಿದ್ದವು ‘ತಿಳಿಯದು’. ಯುವಿಐಟಿಯ ಕೆಲಸ ವ್ಯರ್ಥವಾಯಿತೆಂದಲ್ಲ. ಇಡೀ ಗೆಲಾಕ್ಸಿಯಲ್ಲಿ ಎಳೆಯ ನಕ್ಷತ್ರಗಳು ಎಲ್ಲೆಲ್ಲಿ ಹುಟ್ಟುತ್ತಿವೆ ಎಂಬ ನಕ್ಷೆಯನ್ನು ಒಂದೇ ನೋಟದಲ್ಲಿ ಕೊಟ್ಟದ್ದು ಅದೇ. ಹಬಲ್‌ನ ಕಿರುಗಿಂಡಿಯಿಂದ ಆ ನಕ್ಷೆಯನ್ನು ಕಟ್ಟಲು ಹೊರಟರೆ ಊರೆಲ್ಲ ಅಲೆಯಬೇಕು. ಹಾಗಾಗಿ ಗುಂಪುಗಳನ್ನು ಗುಂಪುಗಳಾಗಿಯೇ ಓದುತ್ತೇನೆ: ಎಷ್ಟು ಅಗಲ, ಎಷ್ಟು ಬಿಸಿ, ನಡುವಿನಿಂದ ಎಷ್ಟು ದೂರ.

‘ಒಂಟಿ’ ಎಂದು ಬರೆದವುಗಳ ಮೇಲೂ ನನಗೀಗ ಸಂಶಯವಿದೆ. ನಮ್ಮ ಆಕಾಶಗಂಗೆಯ ದೈತ್ಯ ನಕ್ಷತ್ರಗಳನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ತಮ್ಮ ಬಾಳಿನಲ್ಲಿ ಜೊತೆಗಾರ ನಕ್ಷತ್ರದೊಂದಿಗೆ ವಸ್ತುವಿನ ಕೊಡುಕೊಳ್ಳುವಿಕೆ ನಡೆಸುತ್ತವೆ. ಅಷ್ಟು ಹತ್ತಿರದ ಜೋಡಿಯನ್ನು ಆ ದೂರದಲ್ಲಿ ಯಾವ ಚಿತ್ರವೂ ಬಿಡಿಸಿ ತೋರಿಸದು, ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತವೇ ಬೇಕು. ಕೋಷ್ಟಕದ ಮೊದಲ ಕಂಬದ ತಲೆಬರಹ ‘ನಕ್ಷತ್ರ’ ಎಂದಿತ್ತು. ಅದನ್ನು ಅಳಿಸಿ ‘ಬೆಳಕಿನ ಮೂಲ’ ಎಂದು ಬರೆದಿದ್ದೇನೆ.